ಗಣಿ ವರದಿಯೂ ಲೆಕ್ಕದ ಸಾಕ್ಷ್ಯವೂ

ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಧನಾಪಹಾರದ ಉಪಾಯಗಳನ್ನು ನಲವತ್ತೆಂದು ಎಣಿಸಿರುವನು. ಅಪಹೃತವಾದುದನ್ನು ಹೊರಗೆಡಹುವ ಬಗೆಯೇ ಇಲ್ಲಿ ವಿಚಾರಣೀಯವಾದುದು. ಅದಕ್ಕೆ ಬಳ್ಳಾರಿಯ ಗಣಿ ವರದಿಯೇ ನಮಗೆ ಸಮೀಪದ ನಿದರ್ಶನ.

ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ಕಾರ್ಕಳ ಸೀಮೆಯ ಮನೆತನದವರು. ನಮ್ಮ ಹೆಬ್ರಿಯೂ ಅಂದು ಅದೇ ತಾಲೂಕಿಗೆ ಸೇರಿದ್ದಿತು. ಇವರ ತಂದೆ ಕೆ. ಎಸ್. ಹೆಗ್ಡೆಯವರು 1973ರಲ್ಲಿ, ತಮ್ಮ ಹಿರಿತನವನ್ನು ಕಡೆಗಣಿಸಲಾಗಿ, ಸರ್ವೋಚ್ಚ ನ್ಯಾಯಾಲಯದ ಪದವಿಯನ್ನೇ ತೊರೆದವರೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು.

2010ರಲ್ಲಿ ಬೇಲೇಕೇರಿ ಬಂದರಿನಲ್ಲಿ ಮುಟ್ಟುಗೋಲಾಗಿದ್ದ ಅದಿರು ಕಾಣೆಯಾಯಿತು. ಕಬ್ಬಿಣದ ಅದಿರು ಗಾಳಿಗೆ ಹಾರುವ ವಸ್ತುವಲ್ಲವಷ್ಟೆ! ಅರಣ್ಯಾಧಿಕಾರಿ ಯು. ವಿ. ಸಿಂಗರು ಪರವಾನಗಿಯ ಲೆಕ್ಕವನ್ನು ಸಾಗಾಟ ರಫ್ತುಗಳ ಲೆಕ್ಕದೊಡನೆ ತಾಳೆನೋಡಿದರು. ಶಾಸನದಂತೆ ಲೆಕ್ಕವೂ ಓದಬಲ್ಲವನಿಗೆ ತಾನೇ ನುಡಿಯುವುದು. 2011ನೆಯ ಜುಲೈ 27ರಂದು ಸಲ್ಲಿಸಲ್ಪಟ್ಟ ವರದಿಯು 2006ರಿಂದ 2010ರವರೆಗಿನ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಗಣಿಸಿತು. 31ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆಯಿತ್ತರು.

ಆದರೆ ವರದಿಯು ತೀರ್ಪಲ್ಲ. ಗಣಿ ಕಂಪನಿಯ ದೇಣಿಗೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2016ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಟ್ಟಿತು. ಬೇಲೇಕೇರಿಯ ಮೊಕದ್ದಮೆಗಳಲ್ಲಾದರೋ 2024ರ ಅಕ್ಟೋಬರಿನಲ್ಲಿ ಶಿಕ್ಷೆ ವಿಧಿಸಲ್ಪಟ್ಟಿತು. ಮರುತಿಂಗಳೇ ಉಚ್ಚ ನ್ಯಾಯಾಲಯವು ಅದನ್ನು ಅಮಾನತಿನಲ್ಲಿರಿಸಿತು.