ಬಳ್ಳಿಯ ವೆನಿಲ್ಲಾ, ಬಾಟಲಿಯ ವೆನಿಲ್ಲಾ

ನಮ್ಮ ಸಂಘ ಹುಟ್ಟಿದ ಕಾಲಕ್ಕೂ ಮಲೆನಾಡಿನ ಅಡಿಕೆ ತೋಟಗಳಲ್ಲಿ ವೆನಿಲ್ಲಾ ಹಬ್ಬಿದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಆದಕಾರಣ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ಬೆಳೆಯ ಚರಿತ್ರೆಯನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ. ದರ ಏರಿದ್ದು, ಬಿದ್ದದ್ದು ಎಲ್ಲರಿಗೂ ಗೊತ್ತೇ ಇದೆ. ಆದರೆ ಬೀಳುವ ಕಥೆ ಶುರುವಾದದ್ದು ಅದಕ್ಕೂ ನೂರಾ ಮೂವತ್ತು ವರ್ಷ ಮೊದಲು, ಜರ್ಮನಿಯಲ್ಲಿ!

ವೆನಿಲ್ಲಾ ಆರ್ಕಿಡ್ ಜಾತಿಯ ಬಳ್ಳಿ, ತವರು ಮೆಕ್ಸಿಕೋ. ಹೊರದೇಶಗಳಿಗೆ ಒಯ್ದಾಗ ಬಳ್ಳಿ ಬೆಳೆಯಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ, ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಕೊಂಡ. ಬೆಳಗಿನ ಹೊತ್ತು ನಮ್ಮ ಹೆಂಗಸರು ತೋಟದಲ್ಲಿ ಕಡ್ಡಿ ಹಿಡಿದು ಮಾಡಿದ್ದೂ ಅದೇ ಕೆಲಸ. ಹೂವು ಅರಳಿರುವುದು ಒಂದೇ ದಿನ. ಆಮೇಲೆ ಕೋಡು ಬಲಿಯಲು ಎಂಟೊಂಬತ್ತು ತಿಂಗಳು. ಹಸಿ ಕೋಡಿಗೆ ಆ ಪರಿಮಳವೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಬಿಸಿಲು ನೆರಳಿನಲ್ಲಿ ತಿಂಗಳುಗಟ್ಟಲೆ ಹದ ಮಾಡಬೇಕು. 5-6 ಕೆ.ಜಿ. ಹಸಿ ಕೋಡು ಒಣಗಿದರೆ 1 ಕೆ.ಜಿ. ಅದರಲ್ಲಿ ಪರಿಮಳದ ಮುಖ್ಯ ಅಂಶವಾದ ವೆನಿಲಿನ್ ಇರುವುದು ಶೇ. 2ರ ಆಸುಪಾಸು.

ಈ ವೆನಿಲಿನ್ನನ್ನು 1858ರಲ್ಲಿ ಫ್ರಾನ್ಸಿನ ಗೊಬ್ಲೆ ಎಂಬುವರು ಕೋಡಿನಿಂದ ಬೇರ್ಪಡಿಸಿದರು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ವಿಜ್ಞಾನಿಗಳು ಪೈನ್ ಜಾತಿಯ ಮರದ ರಸದಲ್ಲಿರುವ ವಸ್ತುವೊಂದರಿಂದ ಅದನ್ನೇ ತಯಾರಿಸಿದರು. ಮುಂದೆ ಲವಂಗದೆಣ್ಣೆಯಿಂದ, 1930ರ ದಶಕದಿಂದ ಕಾಗದ ಗಿರಣಿಗಳು ಚೆಲ್ಲುತ್ತಿದ್ದ ನೀರಿನಿಂದಲೂ ತೆಗೆದರು. 1981ರಲ್ಲಿ ಕೆನಡಾದ ಒಂದೇ ಗಿರಣಿ ಜಗತ್ತಿನ ಕೃತಕ ವೆನಿಲಿನ್‌ನಲ್ಲಿ ಶೇ. 60ರಷ್ಟನ್ನು ಪೂರೈಸುತ್ತಿತ್ತಂತೆ! ಈಗ ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದಿಂದ.

ಬಾಟಲಿಯದು ವಿಷವೆಂದು ನಾವು ಹೇಳುತ್ತಿಲ್ಲ. ವೆನಿಲಿನ್ ಎಲ್ಲಿಂದ ಬಂದರೂ ವೆನಿಲಿನ್ನೇ. ಆದರೆ ಕೋಡಿನಲ್ಲಿ ಅದರ ಜೊತೆಗೆ ಇನ್ನೂ ನೂರಾರು ಅಂಶಗಳಿದ್ದು, ಎಲ್ಲವೂ ಕೂಡಿ ಆ ಸೊಗಸು ಬರುತ್ತದೆ. ಐಸ್‌ಕ್ರೀಮು, ಬಿಸ್ಕತ್ತು, ಕೇಕುಗಳಲ್ಲಿ ಹಾಲು ಸಕ್ಕರೆಯೊಡನೆ ಬೆರೆತಾಗ ವ್ಯತ್ಯಾಸ ಹೇಳುವವರು ಎಷ್ಟು ಮಂದಿ? ಜನರ ನಾಲಗೆಗೆ ಬಾಟಲಿಯದೇ ವೆನಿಲ್ಲಾ ಆಗಿಹೋಯ್ತು. ಜಗತ್ತು ಸವಿಯುವ ವೆನಿಲ್ಲಾ ಪರಿಮಳದಲ್ಲಿ ಬಳ್ಳಿಯಿಂದ ಬಂದದ್ದು ಶೇ. 1ರಷ್ಟೂ ಇಲ್ಲವೆಂದು ಅಂದಾಜು. ಕೋಡು ಬಿಡಿಸುತ್ತಿದ್ದ ನಮ್ಮ ಮಕ್ಕಳೇ ಜಾತ್ರೆಯಲ್ಲಿ ತಿಂದದ್ದು ಬಾಟಲಿಯ ವೆನಿಲ್ಲಾ!

2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತ ಮಡಗಾಸ್ಕರಿನ ತೋಟಗಳನ್ನು ಕೆಡವಿತು. 2003ರ ಹೊತ್ತಿಗೆ ಒಣ ವೆನಿಲ್ಲಾ ಕೆ.ಜಿ.ಗೆ ಸುಮಾರು 500 ಡಾಲರ್ ಆಯಿತು. ಇಲ್ಲಿ ಹಸಿ ಬೀನ್ಸಿಗೇ ಸಾವಿರಾರು ರೂಪಾಯಿ. ಬಳ್ಳಿಯ ತುಂಡಿಗೂ ಬೆಲೆ, ತೋಟಕ್ಕೆ ನಾಯಿ ಕಟ್ಟಿ ರಾತ್ರಿ ಕಾವಲು. ಆದರೆ ದರ ಏರಿದಷ್ಟೂ, ಅಸಲಿ ಕೊಳ್ಳುತ್ತಿದ್ದ ತಯಾರಕರು ಸಹ ಬಾಟಲಿಯ ಕಡೆ ತಿರುಗಿದರು. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ಉಗಾಂಡಾದ ಮಾಲೂ ನಮ್ಮ ಮಾಲೂ ಪೇಟೆಗೆ ಬಂತು. 2005ರ ಸುಮಾರಿಗೆ 500 ಡಾಲರು 50ಕ್ಕೆ ಇಳಿಯಿತು. ಕೊಳೆರೋಗ ಉಳಿದದ್ದನ್ನೂ ತಿಂದಿತು. ಸಾಲ ಮಾಡಿ ಬಳ್ಳಿ ನೆಟ್ಟವರ ಪಾಡು ಬರೆಯಬೇಕಾಗಿಲ್ಲ.

ಇದರಿಂದ ನಾವು ತಿಳಿಯಬೇಕಾದದ್ದೇನು? ಬರಿಯ ಪರಿಮಳಕ್ಕಾಗಿ ಬೆಳೆಯುವ ಬೆಳೆಗೆ ಕಾರ್ಖಾನೆಯೇ ಎದುರಾಳಿ. ದರ ಏರಿದಷ್ಟೂ ಆ ಎದುರಾಳಿಗೆ ಬಲ. ಏಲಕ್ಕಿ, ಅನಾನಸು, ಮಾವುಗಳಿಗೂ ಈಗ ಎಸೆನ್ಸುಗಳಿವೆ. ಹೊಸ ಬೆಳೆಗೆ ಸಾಲ ಕೇಳುವಾಗ "ಇದರ ಗುಣ ಬಾಟಲಿಯಲ್ಲೂ ಸಿಗುತ್ತದೆಯೆ? ಸಿಕ್ಕರೆ ಅಸಲಿಯನ್ನು ಕೊಳ್ಳುವವರು ಯಾರು?" ಎಂದು ಮೊದಲೇ ವಿಚಾರಿಸಿಕೊಳ್ಳೋಣ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡೋಣ. ಸೇರಿಸಿದ ಪರಿಮಳ ಯಾವ ಬಗೆಯದೆಂದು ನಮೂದಿಸುವುದು ಕಾನೂನಿನಂತೆ ಕಡ್ಡಾಯ. ಬೆಳೆದ ನಾವೇ ಅಸಲಿಯ ರುಚಿ ಮರೆತರೆ, ಪೇಟೆಯವರು ನೆನಪಿಟ್ಟುಕೊಂಡಾರೆಯೆ? ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸಂಘ ಈ ವಿವೇಕದಿಂದ ನಡೆಯಲಿ ಎಂದು ಹಾರೈಸುತ್ತೇವೆ.