ಹಳ್ಳಿಯೇ ಗುರುವಾದ ಬಗೆ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಧರ್ಮಸಭೆಯು ನಾಡಿಗೆ ನೀಡಿದ ವಿದ್ಯಾದಾನವನ್ನು ಸ್ಮರಿಸುವುದು ಉಚಿತವಾಗಿದೆ. ನಮ್ಮ ಕಾಲೇಜುಗಳು ಸಹಸ್ರಾರು ಮಂದಿಗೆ ಪದವಿಯನ್ನೂ ಉದ್ಯೋಗವನ್ನೂ ದೊರಕಿಸಿಕೊಟ್ಟಿವೆ. ಆದರೆ ಪದವಿ ಪಡೆದು ಹೊರಬಂದವನು ಒಳಹೊಕ್ಕವನಿಗಿಂತ ಭಿನ್ನ ಮನುಷ್ಯನಾಗಿರುವನೇ ಎಂಬುದು ಬೇರೆಯೇ ಪ್ರಶ್ನೆ. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

ಆ ಕಾಲೇಜಿನ ಹಿಂದೆ ಒಬ್ಬ ಧರ್ಮಭಗಿನಿಯ ಹಂಬಲವಿದೆ. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸ ಜೀವನವನ್ನು ಕೈಗೊಂಡರು. ಧರ್ಮಭಗಿನಿಯರು ವೈದ್ಯವೃತ್ತಿಯನ್ನು ನಡೆಸಲು ಅವಕಾಶವಿಲ್ಲದಿದ್ದ ಆ ದಿನಗಳಲ್ಲಿ ಜಗದ್ಗುರು 15ನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ಅವರು ರೋಗಿಗಳ ಸೇವೆಗೆ ನಿಂತರು. 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿ ಕ್ಯಾಥೊಲಿಕ್ ವೈದ್ಯಕೀಯ ಕಾಲೇಜೊಂದು ತಲೆಯೆತ್ತಬೇಕೆಂಬುದು ಅವರ ಕನಸಾಗಿತ್ತು. ಅದು ಕೈಗೂಡುವ ಮೊದಲೇ, 1957ರಲ್ಲಿ, ಅವರು ಬೆಂಗಳೂರಿನಲ್ಲಿ ದೈವಾಧೀನರಾದರು.

ಆರು ವರ್ಷಗಳ ನಂತರ, 1963ರಲ್ಲಿ, ಭಾರತದ ಧರ್ಮಾಧ್ಯಕ್ಷರು ಅದೇ ನಗರದಲ್ಲಿ ಕಾಲೇಜನ್ನು ಆರಂಭಿಸಿದರು. ಮೊದಲ ವರ್ಷಗಳಲ್ಲಿ ಅದಕ್ಕೆ ಸ್ವಂತ ಆಸ್ಪತ್ರೆ ಇರಲಿಲ್ಲ. 1886ರಿಂದ ಸೇವೆ ಸಲ್ಲಿಸುತ್ತಿದ್ದ ಸಂತ ಮಾರ್ತಮ್ಮನವರ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ರೋಗಿಗಳ ಹಾಸಿಗೆಯ ಬಳಿ ನಿಂತು ಕಲಿತರು. ಸ್ವಂತ ಆಸ್ಪತ್ರೆ ಬಂದದ್ದು 1975ರಲ್ಲಿ.

ಆದರೆ ವಿದ್ಯಾರ್ಥಿಗಳ ದೃಷ್ಟಿಯನ್ನು ತಿದ್ದಿದ ಪಾಠಗಳಲ್ಲಿ ಕೆಲವು ಆಸ್ಪತ್ರೆಯ ಗೋಡೆಗಳ ಹೊರಗೆ ದೊರೆತವು. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಬಂದಾಗ ಕಾಲೇಜಿನ ತಂಡಗಳು ಅವರ ಶಿಬಿರಗಳಿಗೆ ತೆರಳಿದವು. ವಾಂತಿಭೇದಿಯಿಂದ ಬಳಲುವ ಮಗುವಿಗೆ ಔಷಧ ಕೊಡಬಹುದು. ಆದರೆ ಶುದ್ಧ ನೀರೂ ಹೊಟ್ಟೆಗೆ ಅನ್ನವೂ ಇಲ್ಲದ ಕಡೆ ಅದೇ ರೋಗ ಮರಳಿ ಬರುತ್ತದೆ. ಪುಸ್ತಕದಲ್ಲಿ ಒಂದು ವಾಕ್ಯವಾಗಿದ್ದ ಈ ಸತ್ಯ ಶಿಬಿರದಲ್ಲಿ ಕಣ್ಣೆದುರು ನಿಲ್ಲುತ್ತಿತ್ತು.

ಎರಡು ವರ್ಷಗಳ ಬಳಿಕ, 1973ರಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಆರೋಗ್ಯ ಸಹಕಾರ ಯೋಜನೆಯೊಂದು ಆರಂಭವಾಯಿತು. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘವೂ ಕಾಲೇಜೂ ಅದರಲ್ಲಿ ಕೈಜೋಡಿಸಿದವು. ರೈತರು ಡೇರಿಗೆ ಹಾಕುವ ಪ್ರತಿ ಲೀಟರ್ ಹಾಲಿನ ಲೆಕ್ಕದಲ್ಲಿ ಕೆಲವು ಪೈಸೆಗಳು ಊರಿನ ಆರೋಗ್ಯಕ್ಕೆ ಮೀಸಲಾದವು. ಪಟ್ಟಣದ ವೈದ್ಯನು ದಾನಿಯೆಂದೂ ಹಳ್ಳಿಗನು ಕೈಯೊಡ್ಡಿ ನಿಂತವನೆಂದೂ ಭಾವಿಸುವ ಯುವಕ ಯುವತಿಯರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಬಡವನೆಂದು ಎಣಿಸಲ್ಪಟ್ಟವನೇ ತನ್ನ ನೆರೆಯವನ ಚಿಕಿತ್ಸೆಗೆ ಪಾಲು ಕೊಡುತ್ತಿದ್ದನು! ಕಲಿಸಲೆಂದು ಹೋದವರು ಕಲಿಯಬೇಕಾಯಿತು.

ಈ ದೃಷ್ಟಿಯಿಂದಲೇ ಕಾಲೇಜು ವಿದ್ಯಾರ್ಥಿಗಳನ್ನು ವ್ಯಾಸಂಗದ ಆರಂಭದಲ್ಲಿಯೇ ಹಳ್ಳಿಯ ವಾಸಕ್ಕೆ ಕಳುಹಿಸುವ ಪದ್ಧತಿಯನ್ನು ಬೆಳೆಸಿತು. ಪದವೀಧರರು ವೈದ್ಯರಿಲ್ಲದ ಪ್ರದೇಶಗಳ ಆಸ್ಪತ್ರೆಗಳಲ್ಲಿ ನಿಯಮಿತ ಅವಧಿಯ ಸೇವೆ ಸಲ್ಲಿಸುವ ಕರಾರನ್ನೂ ಮಾಡಿತು. ಈ ಕರಾರಿಗೆ ಸಹಿ ಹಾಕಿದವರೆಲ್ಲರೂ ಹಳ್ಳಿಯಲ್ಲಿಯೇ ನೆಲೆಸಿದರೆಂದು ಹೇಳಲಾಗದು. ಕರಾರು ಮನುಷ್ಯನನ್ನು ಒಂದು ಸ್ಥಳಕ್ಕೆ ಕರೆದೊಯ್ಯಬಲ್ಲುದು. ಅಲ್ಲಿ ಅವನ ಹೃದಯವನ್ನು ತೆರೆಯುವುದು ಅದರ ಕೈಯಲ್ಲಿಲ್ಲ. ಆದರೂ ಗಾಯಗೊಂಡವನು ಬಿದ್ದಿರುವ ದಾರಿಯಲ್ಲಿ ನಡೆಯದವನು ಸದಯ ಸಮಾರಿಯದವನಾಗುವುದಾದರೂ ಹೇಗೆ? ಆ ದಾರಿಗೆ ವಿದ್ಯಾರ್ಥಿಯನ್ನು ಕರೆದು ತರುವುದೇ ವಿದ್ಯಾಸಂಸ್ಥೆಯ ಹೊಣೆ.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ ವ್ಯಕ್ತಿಯ ಪರಿಪೂರ್ಣ ಬೆಳವಣಿಗೆಯನ್ನು ಸಮಾಜದ ಹಿತದೊಡನೆ ಜೋಡಿಸಿತು. ಅದನ್ನು ನೆರವೇರಿಸುವುದು ಕಾಲೇಜುಗಳ ಕೆಲಸ ಮಾತ್ರವಲ್ಲ. ನಮ್ಮ ಧರ್ಮಕೇಂದ್ರದ ಮಕ್ಕಳು ಉನ್ನತ ವ್ಯಾಸಂಗಕ್ಕೆ ಹೊರಡುವಾಗ, ಯಾವ ಹುದ್ದೆ ದೊರೆತೀತೆಂದು ನಾವು ಅವರನ್ನು ಕೇಳುತ್ತೇವೆ. ಯಾರಿಗಾಗಿ ಕಲಿಯುತ್ತಿರುವೆ ಎಂಬ ಪ್ರಶ್ನೆಯನ್ನೂ ಕೇಳುವ ಮನೆಗಳು ಹೆಚ್ಚಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಧರ್ಮಕೇಂದ್ರಕ್ಕೆ ಇದು ತಕ್ಕ ಸಂಕಲ್ಪವಾಗಲಿ.