ಬರ್ನಡೆಟ್ ಡೆವ್ಲಿನ್

ಬರ್ನಡೆಟ್ ಡೆವ್ಲಿನ್ ಮ್ಯಾಕಲಿಸ್ಕಿ (ಜನನ: ೨೩ ಏಪ್ರಿಲ್ ೧೯೪೭) ಉತ್ತರ ಐರ್ಲೆಂಡಿನ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಹಾಗೂ ರಾಜಕಾರಣಿ. ೧೯೬೯ರಲ್ಲಿ, ತಮ್ಮ ೨೧ನೆಯ ವಯಸ್ಸಿನಲ್ಲಿ, ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾದ ಇವರು ಅಲ್ಲಿಯವರೆಗೆ ಅಲ್ಲಿಗೆ ಚುನಾಯಿತರಾದ ಮಹಿಳೆಯರಲ್ಲಿ ಅತ್ಯಂತ ಕಿರಿಯರು. ಈ ದಾಖಲೆ ೨೦೧೫ರವರೆಗೂ ಉಳಿಯಿತು.

ಆರಂಭಿಕ ಜೀವನ

ಡೆವ್ಲಿನ್ ಟೈರೋನ್ ಕೌಂಟಿಯ ಕುಕ್ಸ್‌ಟೌನ್ ಪಟ್ಟಣದ ಬಡ ಕ್ಯಾಥೊಲಿಕ್ ಕುಟುಂಬದಲ್ಲಿ ಜನಿಸಿದರು. ಬಡಗಿಯಾಗಿದ್ದ ತಂದೆ, ಇವರು ಒಂಬತ್ತು ವರ್ಷದವರಿದ್ದಾಗ ನಿಧನರಾದರು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಗ ತಾಯಿಯೂ ತೀರಿಕೊಂಡರು. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯನ್ನು ಓದಿನ ಜೊತೆಗೇ ಹೊರಬೇಕಾಯಿತು.

ನಾಗರಿಕ ಹಕ್ಕುಗಳ ಚಳವಳಿ

ಆ ಕಾಲದ ಉತ್ತರ ಐರ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಸಾರ್ವತ್ರಿಕ ಮತದಾನವಿರಲಿಲ್ಲ. ಮನೆಯ ಯಜಮಾನ ಮತ್ತು ಅವನ ಪತ್ನಿಗೆ ಮತವಿದ್ದರೆ, ಅದೇ ಸೂರಿನಡಿ ಇದ್ದ ವಯಸ್ಕ ಮಕ್ಕಳಿಗೂ ಬಾಡಿಗೆದಾರರಿಗೂ ಇರಲಿಲ್ಲ. ಆದ್ದರಿಂದ ನಗರಸಭೆ ಯಾರಿಗೆ ಮನೆ ಹಂಚಿತೋ ಅವರಿಗೆ ಮತವನ್ನೂ ಹಂಚಿದಂತಾಗುತ್ತಿತ್ತು. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಬಹುಸಂಖ್ಯಾತರಾಗಿದ್ದರೂ, ವಾರ್ಡುಗಳ ಗಡಿ ಗುರುತಿಸಿದ ರೀತಿಯಿಂದಾಗಿ ಆಡಳಿತ ಯೂನಿಯನಿಸ್ಟರ ಕೈಯಲ್ಲೇ ಉಳಿದಿತ್ತು. ೧೯೬೮ರ ಅಕ್ಟೋಬರ್ ೫ರಂದು ಡೆರಿಯ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಇದಾದ ಕೆಲವೇ ದಿನಗಳಲ್ಲಿ ಹುಟ್ಟಿದ ‘ಪೀಪಲ್ಸ್ ಡೆಮಾಕ್ರಸಿ’ ಎಂಬ ವಿದ್ಯಾರ್ಥಿ ಸಂಘಟನೆಯಲ್ಲಿ ಡೆವ್ಲಿನ್ ಪ್ರಮುಖರಾದರು. ೧೯೬೯ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನಿಂದ ಡೆರಿಗೆ ಹೊರಟ ಇವರ ಕಾಲ್ನಡಿಗೆ ಜಾಥಾದ ಮೇಲೆ ಬರ್ನ್‌ಟೊಲೆಟ್ ಸೇತುವೆಯ ಬಳಿ ದಾಳಿ ನಡೆಯಿತು.

ಸಂಸತ್ ಸದಸ್ಯೆ

೧೯೬೯ರ ಏಪ್ರಿಲ್ ೧೭ರಂದು ಮಿಡ್ ಅಲ್ಸ್ಟರ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ವಿವಿಧ ವಿರೋಧಿ ಗುಂಪುಗಳ ‘ಯೂನಿಟಿ’ ಅಭ್ಯರ್ಥಿಯಾಗಿದ್ದ ಡೆವ್ಲಿನ್, ಹಿಂದಿನ ಸದಸ್ಯರ ಪತ್ನಿಯಾಗಿದ್ದ ಯೂನಿಯನಿಸ್ಟ್ ಅಭ್ಯರ್ಥಿಯನ್ನು ೪,೨೧೧ ಮತಗಳಿಂದ ಸೋಲಿಸಿದರು. ಶೇಕಡಾ ೯೦ಕ್ಕೂ ಹೆಚ್ಚು ಮತದಾನವಾಗಿತ್ತು. ಆಯ್ಕೆಯಾದರೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆಸನ ಸ್ವೀಕರಿಸದಿರುವುದು ಐರಿಶ್ ಗಣರಾಜ್ಯವಾದಿಗಳ ಹಳೆಯ ಸಂಪ್ರದಾಯ. ೧೯೧೮ರಲ್ಲಿ ಆ ಸದನಕ್ಕೆ ಚುನಾಯಿತರಾದ ಮೊದಲ ಮಹಿಳೆ ಕಾನ್‌ಸ್ಟನ್ಸ್ ಮಾರ್ಕಿಯೆವಿಚ್ ಹಾಗೆಯೇ ಮಾಡಿದ್ದರು. ಡೆವ್ಲಿನ್ ಅದನ್ನು ಮುರಿದರು. ಏಪ್ರಿಲ್ ೨೨ರಂದು ಆಸನ ಸ್ವೀಕರಿಸಿ, ಚೊಚ್ಚಲ ಭಾಷಣ ವಿವಾದರಹಿತವಾಗಿರಬೇಕೆಂಬ ವಾಡಿಕೆಯನ್ನೂ ಬದಿಗಿಟ್ಟು ಅಂದೇ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು.

ಅದೇ ಆಗಸ್ಟ್‌ನಲ್ಲಿ ಡೆರಿಯ ಬಾಗ್‌ಸೈಡ್ ಬಡಾವಣೆಯ ನಿವಾಸಿಗಳು ಪೊಲೀಸರನ್ನು ಮೂರು ದಿನ ತಡೆದು ನಿಲ್ಲಿಸಿದಾಗ ಡೆವ್ಲಿನ್ ಅಡ್ಡಗಟ್ಟೆಗಳ ಬಳಿಯೇ ಇದ್ದರು. ಗಲಭೆಗೆ ಪ್ರಚೋದನೆ ನೀಡಿದ ಆರೋಪದಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ೧೯೭೦ರ ಜೂನ್‌ನಲ್ಲಿ ಮರುಆಯ್ಕೆಯಾದ ಕೆಲವೇ ದಿನಗಳಲ್ಲಿ ಆರ್ಮಾ ಜೈಲು ಸೇರಿದರು.

೧೯೭೨ರ ಜನವರಿ ೩೦ರ ‘ರಕ್ತಸಿಕ್ತ ಭಾನುವಾರ’ದಂದು ಡೆರಿಯಲ್ಲಿ ಬ್ರಿಟಿಷ್ ಸೈನಿಕರು ೧೩ ಜನರನ್ನು ಗುಂಡಿಕ್ಕಿ ಕೊಂದರು. ಗಾಯಗೊಂಡ ಮತ್ತೊಬ್ಬರು ನಂತರ ಮೃತಪಟ್ಟರು. ಡೆವ್ಲಿನ್ ಪ್ರತ್ಯಕ್ಷ ಸಾಕ್ಷಿಯಾಗಿದ್ದರು. ಮರುದಿನ ಗೃಹಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಸದನದಲ್ಲಿ ಸೈನಿಕರು ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದರೆಂದರು. ಮಾತನಾಡಲು ಅವಕಾಶ ದೊರೆಯದ ಡೆವ್ಲಿನ್ ಸದನವನ್ನು ದಾಟಿ ಹೋಗಿ ಅವರ ಕಪಾಳಕ್ಕೆ ಹೊಡೆದರು. ಸತ್ತವರು ನಿರಪರಾಧಿಗಳೆಂದು ಬ್ರಿಟಿಷ್ ಸರ್ಕಾರ ಒಪ್ಪಿ ಕ್ಷಮೆ ಕೇಳಿದ್ದು ೨೦೧೦ರಲ್ಲಿ.

ನಂತರದ ವರ್ಷಗಳು

೧೯೭೧ರಲ್ಲಿ ಅವಿವಾಹಿತೆಯಾಗಿದ್ದಾಗಲೇ ಮಗಳಿಗೆ ಜನ್ಮ ನೀಡಿದ್ದು ಸಂಪ್ರದಾಯಸ್ಥ ಕ್ಯಾಥೊಲಿಕ್ ಮತದಾರರ ಅಸಮಾಧಾನಕ್ಕೆ ಕಾರಣವಾಯಿತು. ೧೯೭೩ರಲ್ಲಿ ಮೈಕೆಲ್ ಮ್ಯಾಕಲಿಸ್ಕಿ ಅವರನ್ನು ವಿವಾಹವಾದರು. ೧೯೭೪ರ ಫೆಬ್ರುವರಿಯ ಚುನಾವಣೆಯಲ್ಲಿ ಎಸ್‌ಡಿಎಲ್‌ಪಿ ಪಕ್ಷವೂ ಅಭ್ಯರ್ಥಿಯನ್ನು ನಿಲ್ಲಿಸಿದ್ದರಿಂದ ರಾಷ್ಟ್ರವಾದಿ ಮತಗಳು ಒಡೆದವು, ಡೆವ್ಲಿನ್ ಸೋತರು. ಐರಿಶ್ ರಿಪಬ್ಲಿಕನ್ ಸೋಷಿಯಲಿಸ್ಟ್ ಪಕ್ಷದ ಸ್ಥಾಪಕರಲ್ಲಿ ಒಬ್ಬರಾದರೂ ಮರುವರ್ಷವೇ ಅದನ್ನು ತೊರೆದರು.

ಗಣರಾಜ್ಯವಾದಿ ಕೈದಿಗಳ ಪರ ಪ್ರಚಾರ ನಡೆಸುತ್ತಿದ್ದಾಗ, ೧೯೮೧ರ ಜನವರಿ ೧೬ರಂದು ಯೂನಿಯನಿಸ್ಟ್ ಪರ ಬಂದೂಕುಧಾರಿಗಳು ಕೋಲ್‌ಐಲೆಂಡ್ ಸಮೀಪದ ಮನೆಗೆ ನುಗ್ಗಿ ದಂಪತಿಗಳ ಮೇಲೆ ಗುಂಡು ಹಾರಿಸಿದರು. ಇಬ್ಬರೂ ತೀವ್ರವಾಗಿ ಗಾಯಗೊಂಡು ಬದುಕುಳಿದರು. ಸಮೀಪದಲ್ಲೇ ಇದ್ದ ಸೈನಿಕರು ಹಂತಕರನ್ನು ಬಂಧಿಸಿದರಾದರೂ ದಾಳಿಯನ್ನೇಕೆ ತಡೆಯಲಿಲ್ಲವೆಂಬ ಪ್ರಶ್ನೆ ಉಳಿಯಿತು.

೧೯೯೮ರ ಗುಡ್ ಫ್ರೈಡೇ ಒಪ್ಪಂದವನ್ನು ಟೀಕಿಸಿದ ಡೆವ್ಲಿನ್, ಮುಂದೆ ಡಂಗ್ಯಾನನ್ ಪಟ್ಟಣದ ‘ಸ್ಟೆಪ್’ ಸಂಸ್ಥೆಯ ಮೂಲಕ ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ಕೆಲಸ ಮಾಡಿದರು. ಇವರ ಆತ್ಮಕಥನ ‘ದಿ ಪ್ರೈಸ್ ಆಫ್ ಮೈ ಸೋಲ್’ ೧೯೬೯ರಲ್ಲೇ ಪ್ರಕಟವಾಗಿದೆ.